ಕುಣಿಯಲಾಗದ ಸದ್ದು

ನಮ್ಮ ಮನೆಯಲ್ಲಿ ಯಾರೂ ಏನನ್ನೂ ಬಡಿಯುವಂತಿರಲಿಲ್ಲ. ಊಟಕ್ಕೆ ಕೂತಾಗ ನಾನು ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟಿದರೆ ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಕಡೆ ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ನಾನು ಬೆರಳು ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ, ಅಷ್ಟೆ.

ಕಾರಣವನ್ನು ಅವ್ವ ಹೇಳಿದ್ದು ನಾನು ಹೈಸ್ಕೂಲಿಗೆ ಬಂದ ಮೇಲೆ. ಗಂಡಸಿ ಕಡೆಯ ನಮ್ಮ ಊರಿನಲ್ಲಿ ತಾತ ತಮಟೆ ಬಡಿಯುತ್ತಿದ್ದರು. ಹಬ್ಬವಿರಲಿ, ಮದುವೆಯಿರಲಿ, ಹೆಣ ಹೊರುವುದಿರಲಿ, ಮೇಲಿನ ಬೀದಿಯವರಿಗೆ ಕುಣಿಯಬೇಕು ಅನ್ನಿಸಿದಾಗ ತಾತ ಬಡಿಯಬೇಕು, ಅವರು ಸಾಕು ಅನ್ನುವವರೆಗೂ ಬಡಿಯಬೇಕು. ಒಂದು ಸಲ ಜ್ವರದಲ್ಲಿ ಮಲಗಿದ್ದವರನ್ನು ಎಬ್ಬಿಸಿಕೊಂಡು ಹೋದರಂತೆ. ವಾಪಸ್ ಬಂದಾಗ ಬೆರಳು ಒಡೆದು ರಕ್ತ ಬರುತ್ತಿತ್ತಂತೆ. ತಾತ ತೀರಿಕೊಂಡ ಮೇಲೆ ಅಪ್ಪ ಆ ತಮಟೆಯನ್ನು ಯಾರಿಗೂ ಕೊಡದೆ ಮನೆಯ ಹಿಂದೆ ಸುಟ್ಟುಹಾಕಿ, ಅರಸೀಕೆರೆಗೆ ಬಂದು ರೈಲ್ವೆ ಕೆಲಸಕ್ಕೆ ಸೇರಿದರು. ಗೋಡೆಗೆ ಬುದ್ಧನ ಪಟ ಬಂತು. "ನಮ್ಮ ಮನೇಲಿ ಇನ್ನು ಯಾರೂ ಇನ್ನೊಬ್ರ ಕುಣಿತಕ್ಕೆ ಬಡಿಯಲ್ಲ" ಎಂದು ಅಪ್ಪ ಅವ್ವನಿಗೆ ಮದುವೆಯಾದ ಹೊಸದರಲ್ಲೇ ಹೇಳಿದ್ದರಂತೆ.

ಅಂಥ ಅಪ್ಪನಿಗೆ ಸಿಕ್ಕಿದ ಕೆಲಸವೂ ಬಡಿಯುವುದೇ. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗಾಲಿಗಳಿಗೆ ಒಂದೊಂದು ಏಟು ಹಾಕುತ್ತಾ, ಸದ್ದು ಕೇಳುತ್ತಾ ನಡೆಯುವುದು. ಗಟ್ಟಿ ಗಾಲಿ ಏಟು ಬಿದ್ದ ಮೇಲೂ ಬಹಳ ಹೊತ್ತು ಗುಂಯ್ ಎನ್ನುತ್ತದೆ. ಬಿರುಕು ಬಿಟ್ಟಿದ್ದರೆ ಆ ಗುಂಯ್ ಇರುವುದಿಲ್ಲ, ಮಂಕಾಗಿ ಸತ್ತುಹೋಗುತ್ತದೆ. ಏಟಿನಿಂದ ಏನೂ ಗೊತ್ತಾಗಲ್ಲ, ಏಟು ಮುಗಿದ ಮೇಲೆ ಬರುವುದನ್ನು ಕೇಳಬೇಕು ಎನ್ನುತ್ತಿದ್ದರು ಅಪ್ಪ. ಮೂವತ್ತು ವರ್ಷ ಎಂಜಿನ್ನುಗಳ ಪಕ್ಕ ನಿಂತು ಕೇಳಿದ್ದಕ್ಕೆ, ರಿಟೈರ್ ಆಗುವ ಹೊತ್ತಿಗೆ ಅವರ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ ಹೋಗಿತ್ತು.

ನಾನು ಆಗ ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ದಿನಾ ಬೆಳಗಿನ ರೈಲಿಗೆ ಹೋಗುತ್ತಿದ್ದೆ. ಅದೇ ರೈಲಿನಲ್ಲಿ ಎಂಜಿನಿಯರಿಂಗ್ ಓದುವ ಒಬ್ಬ ಹುಡುಗ ಬರುತ್ತಿದ್ದ. ಅವರ ಮನೆಯವರು ತಲೆಮಾರುಗಳಿಂದ ಕೊಬ್ಬರಿ ವ್ಯಾಪಾರಸ್ಥರು, ಮಠಕ್ಕೆ ನಡೆದುಕೊಳ್ಳುವವರು. ರೈಲ್ವೆ ಗೇಟಿನಾಚೆ ಅವರದೊಂದು ಎಣ್ಣೆ ಮಿಲ್ಲು ಮುಚ್ಚಿ ಬಿದ್ದಿತ್ತು. ಇಲ್ಲಿ ಯಾರ ಹೆಸರೂ ಬರೆಯುವುದಿಲ್ಲ, ಅವನನ್ನು ಮಿಲ್ಲಿನವನು ಎನ್ನುತ್ತೇನೆ. ಒಂದು ದಿನ ಎದುರು ಸೀಟಿನಲ್ಲಿ ಕೂತವನು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಡೆ ಚಾಚಿ, "ಇದನ್ನ ಕೇಳು. ಆದ್ರೆ ಹಾಡು ಅಂದ್ಕೊಂಡು ಕೇಳಬೇಡ" ಅಂದ.

ಯಾವುದೋ ಹೊರದೇಶದ ತಂಡ. ಡ್ರಿಲ್ಲಿಂಗ್ ಮೆಷಿನ್ನು, ಕಬ್ಬಿಣದ ತಗಡನ್ನು ನೆಲದ ಮೇಲೆ ಎಳೆಯುವ ಸದ್ದು, ನಡುವೆ ಒಬ್ಬ ಮನುಷ್ಯ ಕಿರುಚುವುದು. ಕಾರ್ಖಾನೆಯ ಸದ್ದಿನಿಂದ ಮಾಡೋ ಸಂಗೀತ, ಇಂಡಸ್ಟ್ರಿಯಲ್ ಅಂತಾರೆ ಎಂದ. ಮೊದಲು ನಗು ಬಂತು. ಬಾಗೇಶಪುರ ದಾಟುವ ಹೊತ್ತಿಗೆ ನಗು ನಿಂತಿತ್ತು. ಅದು ನಾನು ಹುಟ್ಟಿದಾಗಿನಿಂದ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೇಳುತ್ತಿದ್ದ ಸದ್ದೇ. ಬೋಗಿಗೆ ಬೋಗಿ ಕಚ್ಚಿಕೊಳ್ಳುವುದು, ಬ್ರೇಕು ಉಸಿರು ಬಿಡುವುದು. ಅದನ್ನು ಯಾರೋ ಕೂತು, ಗಮನವಿಟ್ಟು, ಕೇಳಲು ಯೋಗ್ಯ ಎಂದು ಜೋಡಿಸಿದ್ದರು.

"ಇದಕ್ಕೆ ಕುಣಿಯೋಕಾಗುತ್ತಾ?" ಅಂತ ಕೇಳಿದೆ.

"ಆಗಲ್ಲ. ಅದೇ ಇದರ ಮರ್ಯಾದೆ" ಅಂದ.

ಆ ಒಂದು ಮಾತಿಗೆ ನಾನು ಅವನು ಕಟ್ಟಲು ಹೊರಟಿದ್ದ ತಂಡ ಸೇರಿದೆ ಎಂದರೆ ತಪ್ಪಲ್ಲ. ಮೂರನೆಯವನು ಹಳೇಬೀಡಿನ ಶಿಲ್ಪಿ. ಮಿಲ್ಲಿನವನ ಅಪ್ಪ ಮಠಕ್ಕೆಂದು ನಂದಿ ಮಾಡಿಸಲು ಕೊಟ್ಟಿದ್ದು ಶಿಲ್ಪಿಯ ಅಪ್ಪನ ಹತ್ತಿರ. ನಂದಿಯನ್ನು ನೋಡಲು ಹೋದ ಮಿಲ್ಲಿನವನು, ಬಳಪದ ಕಲ್ಲಿನ ಮೇಲೆ ಮೂರು ಉಳಿ ಒಟ್ಟಿಗೆ ಆಡುವ ಸದ್ದು ಕೇಳಿ ಆ ಮನೆಯ ಮಗನ ಸ್ನೇಹ ಮಾಡಿಕೊಂಡು ಬಂದಿದ್ದ. ಹೀಗೆ ಮೂವರಾದೆವು. ಭಾನುವಾರ ಭಾನುವಾರ ಮುಚ್ಚಿದ ಮಿಲ್ಲಿನಲ್ಲಿ ಸೇರುತ್ತಿದ್ದೆವು. ಎಣ್ಣೆ ಡ್ರಮ್ಮುಗಳು, ತಗಡು, ಸರಪಳಿ, ಕೈಯಿಂದ ತಿರುಗಿಸಿದರೆ ನರಳುವ ಹಳೇ ಎಣ್ಣೆ ಯಂತ್ರ. ಶಿಲ್ಪಿ ತನ್ನ ಉಳಿಗಳನ್ನು ತರುತ್ತಿದ್ದ. ನಾನು ಏನನ್ನೂ ಬಡಿಯುತ್ತಿರಲಿಲ್ಲ. ನಾನು ಓದುತ್ತಿದ್ದೆ: ಸ್ಟೇಷನ್ನಿನಲ್ಲಿ ಕೂಗುವ ಗಾಡಿಗಳ ಸಾಲು, ಹರಾಜಿನಲ್ಲಿ ಕೊಬ್ಬರಿ ಕೂಗುವ ಮಾತು, ಅವ್ವನ ಬೈಗುಳ, ನಾನೇ ಬರೆದ ಎರಡು ಮೂರು ಸಾಲು.

ಆರು ತಿಂಗಳು ಮನೆಯಲ್ಲಿ ಹೇಳಿರಲಿಲ್ಲ. ಯಾರೋ ಹೇಳಿದರು. ಒಂದು ಭಾನುವಾರ ಅಪ್ಪ ತಾವೇ ಮಿಲ್ಲಿನ ಬಾಗಿಲಲ್ಲಿ ಬಂದು ನಿಂತರು. ಶಿಲ್ಪಿ ಉಳಿಯನ್ನು ಕೆಳಗಿಟ್ಟ. ಅಪ್ಪ ಒಳಗೆ ಬಂದು ಡ್ರಮ್ಮು, ಸರಪಳಿ, ಉಳಿ ಎಲ್ಲಾ ನೋಡಿದರು.

"ಇದಕ್ಕೆ ಯಾರು ಕುಣೀತಾರೆ?"

"ಯಾರೂ ಕುಣಿಯಲ್ಲ ಅಪ್ಪ" ಎಂದು ಅವರ ಎಡಗಿವಿಯ ಹತ್ತಿರ ಹೋಗಿ ಹೇಳಿದೆ.

"ಮತ್ಯಾಕೆ ಬಡೀತೀರಿ?"

ಉತ್ತರ ಕೊಟ್ಟದ್ದು ಮಿಲ್ಲಿನವನು. "ಕೇಳೋಕೆ ಅಂಕಲ್."

ಅಪ್ಪ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದರು. ಆಮೇಲೆ ಒಂದು ಡ್ರಮ್ಮನ್ನು ಬೋರಲು ಹಾಕಿಕೊಂಡು ಕೂತರು. "ಕೇಳೋಕಾದ್ರೆ ಸರಿ" ಅಂದರು. ಅವತ್ತಿನಿಂದ ಅವರು ಆಗಾಗ ಬಂದು ಕೂರುತ್ತಿದ್ದರು. ಅರ್ಧ ಕಿವಿಯಲ್ಲಿ ಏನು ಕೇಳುತ್ತಿತ್ತೋ ಗೊತ್ತಿಲ್ಲ. ಮಿಲ್ಲಿನವನು ಅವರಿಗೆಂದೇ ಟೀ ತರಿಸುತ್ತಿದ್ದ, ತಾನೇ ಲೋಟ ತೊಳೆದು ಕೊಡುತ್ತಿದ್ದ. ನಮ್ಮಂಥ ಮನೆಯವರಿಗೆ ಅಂಥ ಮನೆಯವನು ಲೋಟ ತೊಳೆದು ಕೊಡುವುದು ಚಿಕ್ಕ ಮಾತಲ್ಲ. ನಾನು ಅದನ್ನು ಗಮನಿಸಿದ್ದೆ, ಅಪ್ಪನೂ ಗಮನಿಸಿದ್ದರು.

ಅಪ್ಪನ ಸುತ್ತಿಗೆಯನ್ನು ರೆಕಾರ್ಡ್ ಮಾಡೋಣ ಎಂದದ್ದೂ ಅವನೇ. ಸ್ಟೇಷನ್ನಿನಲ್ಲಿ ಬಿಡುವುದಿಲ್ಲ. ಗುಜರಿ ಅಂಗಡಿಯೊಂದರ ಹಿತ್ತಲಿನಲ್ಲಿ ಯಾವುದೋ ಕಾರ್ಖಾನೆಯ ನಾಲ್ಕು ಟ್ರಾಲಿ ಗಾಲಿಗಳು ಬಿದ್ದಿದ್ದವು. ಅವನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸುತ್ತಿಗೆಗೆ ಉದ್ದನೆಯ ಹಿಡಿ ಹಾಕಿಸಿದ್ದರು. ಮೊದಲ ಗಾಲಿಗೆ ಒಂದು ಏಟು ಹಾಕಿ, ಅಂಗೈಯನ್ನು ಕಬ್ಬಿಣಕ್ಕೆ ತಾಗಿಸುವಷ್ಟು ಹತ್ತಿರ ಹಿಡಿದು, ಸದ್ದು ಪೂರ್ತಿ ಆರುವವರೆಗೂ ನಿಂತರು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಏಟು ಬಿದ್ದ ಕೂಡಲೇ ಅವರ ಮುಖ ಬದಲಾಯಿತು.

"ಹೋಗೈತೆ" ಅಂದರು ಮೆಲ್ಲಗೆ. ಆಮೇಲೆ ನಮ್ಮ ಕಡೆ ತಿರುಗಿ, ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹೇಳುವ ಹಾಗೆ, "ಹೋಗೈತೆ ಕಣ್ರಪ್ಪ. ಬಿಡ್ಬೇಡಿ ಗಾಡೀನ."

ಅದೂ ರೆಕಾರ್ಡ್ ಆಯಿತು. ಆ ಧ್ವನಿಯಲ್ಲಿ ಮೂವತ್ತು ವರ್ಷದ ನೌಕರಿ ಇತ್ತು. ಒಂದು ಗಾಡಿ ತುಂಬಾ ಜನರ ಜೀವದ ಬಗ್ಗೆ ಒಬ್ಬ ಮನುಷ್ಯ ತೋರುವ ಕಾಳಜಿ ಇತ್ತು. ಆ ನಾಲ್ಕು ಏಟುಗಳನ್ನು ಇಟ್ಟುಕೊಂಡು ನಾವು ಹನ್ನೊಂದು ನಿಮಿಷದ ಒಂದು ತುಣುಕು ಮಾಡಿದೆವು. ಒಂದು ಏಟು, ಅದು ಆರುವವರೆಗೆ ಮೌನ, ಮತ್ತೊಂದು ಏಟು, ಕೆಳಗೆಲ್ಲೋ ಎಣ್ಣೆ ಯಂತ್ರದ ನರಳಾಟ, ನನ್ನ ಓದು, ಕೊನೆಯಲ್ಲಿ ಅಪ್ಪನ ಮಾತು. ನಾನು ಜೀವನದಲ್ಲಿ ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಅದನ್ನೇ ಹೇಳುತ್ತೇನೆ.

ಅದನ್ನು ಮೊದಲು ಜನರ ಮುಂದೆ ನುಡಿಸಿದ್ದು ಹಳೇಬೀಡಿನಲ್ಲಿ, ಶಿಲ್ಪಿಯ ಮನೆಯವರು ಕೆತ್ತುವ ಶೆಡ್ಡಿನ ಮುಂದೆ, ಒಂದು ಮಧ್ಯಾಹ್ನ. ಮೂವತ್ತು ಜನ ಇದ್ದಿರಬಹುದು. ದೇವಸ್ಥಾನ ನೋಡಲು ಬಂದ ಇಬ್ಬರು ಪ್ರವಾಸಿಗಳು ದಾರಿ ತಪ್ಪಿ ಬಂದು ನಿಂತರು. ಹನ್ನೊಂದು ನಿಮಿಷ ಆದ ಮೇಲೆ ಶಿಲ್ಪಿಯ ಅಪ್ಪ ಮೈಮೇಲಿನ ಕಲ್ಲಿನ ಪುಡಿ ಒದರಿಕೊಳ್ಳುತ್ತಾ, "ಸದ್ದೆಲ್ಲಾ ಚೆನ್ನಾಗೈತೆ ಕಣ್ರೋ. ಹಾಡು ಯಾವಾಗ ಸುರು?" ಅಂದರು. ನಾವು ಬಿದ್ದು ಬಿದ್ದು ನಕ್ಕೆವು. ಸಂಜೆ ಮೂವರೂ ಬಸ್ತಿಹಳ್ಳಿಯ ಬಸದಿಗೆ ನಡೆದುಕೊಂಡು ಹೋದೆವು. ಅಲ್ಲಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಮೂವರ ಮುಖವೂ ಒಂದೇ ಕಂಬದಲ್ಲಿ ಉದ್ದುದ್ದ ಎಳೆದುಕೊಂಡು ಕಾಣುತ್ತಿತ್ತು. ಅಲ್ಲಿ ಮಿಲ್ಲಿನವನು ಹೇಳಿದ, "ಎಷ್ಟೇ ಜನ ಬರಲಿ, ಬರದೇ ಇರಲಿ, ಕಾಲು ಕುಣಿಸೋ ಸಂಗೀತ ನಾವು ಮಾಡೋದು ಬೇಡ." ಶಿಲ್ಪಿ ಹೂಂ ಅಂದ. ನಾನು ಹೇಳಬೇಕಾದ್ದನ್ನು ಅವನೇ ಹೇಳಿದ್ದ.

ಅವನು ಆ ಮಾತನ್ನು ಆಗ ಮನಸ್ಸಿನಿಂದಲೇ ಆಡಿದ್ದ. ಇದನ್ನು ಬರೆಯುವಾಗ ಎಷ್ಟು ಸಿಟ್ಟಿದ್ದರೂ ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಬಿ.ಎಡ್. ಮುಗಿಸಿ ನನಗೆ ಕೆಲಸ ಸಿಕ್ಕಿದ್ದು ಗೆಂಡೆಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ. ವಿಜ್ಞಾನದ ಟೀಚರ್. ಬೇಲೂರಿನಲ್ಲಿ ರೂಮು ಮಾಡಿದೆ. ಅರಸೀಕೆರೆಗೆ ಹೋಗುವುದು ವಾರಕ್ಕೊಮ್ಮೆ ಇದ್ದದ್ದು ಎರಡು ವಾರಕ್ಕೆ, ತಿಂಗಳಿಗೆ ಆಯಿತು. ಒಂದು ಸಲ ಹೋದಾಗ ಮಿಲ್ಲಿನ ಡ್ರಮ್ಮುಗಳೆಲ್ಲ ಗೋಡೆಯ ಬದಿಗೆ ಸರಿದಿದ್ದವು. ನಡುವೆ ಮೇಜು, ಲ್ಯಾಪ್‌ಟಾಪು, ಗುಂಡಿಗಳಿದ್ದ ಒಂದು ಮೆಷಿನ್ನು. ಮಿಲ್ಲಿನವನು ನನ್ನದೇ ಒಂದು ಓದಿನ ಕೆಳಗೆ ಡುಮ್ ಡುಮ್ ಡುಮ್ ಡುಮ್ ಎಂದು ಒಂದೇ ಸಮನೆ ಹೊಡೆಯುವ ತಾಳ ಕೂಡಿಸಿ ಕೇಳಿಸಿದ.

"ಇದೇನೋ ಇದು?" ಅಂದೆ.

"ಸುಮ್ನೆ ಟ್ರೈ ಮಾಡ್ದೆ. ನಮ್ಮ ಸದ್ದೇ ಅಲ್ವಾ? ಕೆಳಗೊಂದು ಬೀಟ್ ಇದ್ರೆ ಜನಕ್ಕೆ ಹಿಡ್ಕೊಳ್ಳೋಕೆ ಏನೋ ಒಂದು ಸಿಗತ್ತೆ."

"ನನ್ನ ದನಿ ತೆಗೆದುಬಿಡು."

ತೆಗೆದ. ಜಗಳವೇನೂ ಆಗಲಿಲ್ಲ. ಆಮೇಲೆ ಅವರಿಬ್ಬರೇ ಬೇಲೂರಿನ ಹೊರಗಿನ ಒಂದು ರೆಸಾರ್ಟಿನಲ್ಲಿ, ಹಾಸನದ ಕಾಲೇಜುಗಳಲ್ಲಿ ನುಡಿಸಲು ಶುರು ಮಾಡಿದರು. ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಒಂದು ವಿಡಿಯೋದಲ್ಲಿ ನೋಡಿದೆ. ಉಳಿ ಹಿಡಿದು ಉಸಿರು ಕಟ್ಟಿ ಕೂರುತ್ತಿದ್ದ ನಮ್ಮ ಶಿಲ್ಪಿ ಹೆಡ್‌ಫೋನ್ ಹಾಕಿಕೊಂಡು ಒಂದು ಕೈ ಮೇಲೆತ್ತಿ ಆಡಿಸುತ್ತಿದ್ದ. ಮುಂದೆ ಜನ ಕುಣಿಯುತ್ತಿದ್ದರು. ತಂಡದ ಹೆಸರು ಅದೇ, ಹಿಂದೆ ಕಟ್ಟಿದ ಬಟ್ಟೆಯ ಮೇಲೆ ನಾನೇ ಬರೆದ ಅಕ್ಷರವೂ ಅದೇ. ಬೇಜಾರಾಯಿತು. ಆದರೆ ಜನ ಬದಲಾಗುತ್ತಾರೆ, ಅದು ಅವರಿಷ್ಟ ಎಂದು ಸಮಾಧಾನ ಮಾಡಿಕೊಂಡೆ. ಮಿಲ್ಲಿನವನಿಗೆ ಫೋನು ಮಾಡಿ ಒಂದನ್ನು ಮಾತ್ರ ಕೇಳಿಕೊಂಡೆ: "ಅಪ್ಪನ ತುಣುಕನ್ನ ಮುಟ್ಟಬೇಡ."

"ಛೇ, ಅದನ್ನ ಹೇಳ್ಬೇಕೇನೇ? ಹಳೇದನ್ನ ಮುಟ್ಟಲ್ಲ. ಅದು ನಮ್ಮದು" ಅಂದ.

ಎರಡು ವರ್ಷ ಕಳೆಯಿತು. ಅಪ್ಪನ ಎಡಗಿವಿಯೂ ಹೋಯಿತು. ಕಿವಿಗೆ ಹಾಕುವ ಮೆಷಿನ್ನು ಕೊಡಿಸಿದೆವು, ಗಿಂಯ್ ಅನ್ನುತ್ತೆ ಎಂದು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದರು. ನಾವು ಚೀಟಿಯಲ್ಲಿ ಬರೆದು ತೋರಿಸುವುದು, ಅವರು ಬಾಯಲ್ಲಿ ಉತ್ತರ ಹೇಳುವುದು, ಹೀಗೆ ಮನೆ ನಡೆಯುತ್ತಿತ್ತು.

ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ಮಧ್ಯಾಹ್ನದ ಊಟವಾದ ಮೇಲೆ ನಾನು ಸ್ಟಾಫ್ ರೂಮಿನಲ್ಲಿ ಕಿರುಪರೀಕ್ಷೆಯ ಪೇಪರು ತಿದ್ದುತ್ತಾ ಕೂತಿದ್ದೆ. ಪಕ್ಕದ ಹಾಲಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯರು ಡ್ಯಾನ್ಸ್ ಅಭ್ಯಾಸ ಮಾಡುತ್ತಿದ್ದರು. ಡುಮ್ ಡುಮ್ ಕೇಳುತ್ತಲೇ ಇತ್ತು, ಆ ಕಡೆ ಗಮನವಿರಲಿಲ್ಲ. ಆ ತಾಳದ ಮೇಲೆ ಟಿಣ್ ಎಂದು ಒಂದು ಕಬ್ಬಿಣದ ಸದ್ದು ಬಿತ್ತು. ನನ್ನ ಪೆನ್ನು ನಿಂತಿತು. ಮತ್ತೆ ಟಿಣ್, ಮತ್ತೆ ಟಿಣ್, ಸೆಕೆಂಡಿಗೆ ಎರಡೆರಡು ಸಲ. ಏಟು ಅದೇ. ಏಟಿನ ನಂತರದ ಗುಂಯ್ ಇಲ್ಲ, ಬಾಲವನ್ನು ಕತ್ತರಿಸಿದ್ದರು. ನನ್ನ ಭ್ರಮೆ ಇರಬೇಕು ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ತಾಳ ತಟ್ಟನೆ ನಿಂತು ಸ್ಪೀಕರಿನಿಂದ ಅಪ್ಪನ ದನಿ ಬಂತು.

"ಹೋಗೈತೆ."

ಹುಡುಗಿಯರೆಲ್ಲ ಒಟ್ಟಿಗೆ ಕೂಗಿದರು, "ಹೋಗೈತೆ!"

"ಹೋಗೈತೆ, ಹೋಗೈತೆ, ಹೋಗೈ ಹೋಗೈ ಹೋಗೈತೆ!" ಅಪ್ಪನ ದನಿಯನ್ನು ಎಳೆದು, ಚಿಕ್ಕದು ಮಾಡಿ, ಕೀರಲು ಮಾಡಿ, ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಆಮೇಲೆ ಡುಮ್ ಎಂದು ತಾಳ ಮತ್ತೆ ಬಿತ್ತು.

ನಾನು ಹಾಲಿನ ಬಾಗಿಲಿಗೆ ಹೋಗಿ ನಿಂತೆ. ಹನ್ನೆರಡು ಹುಡುಗಿಯರು, ಬೆವತು ಹೋಗಿದ್ದರು. ಒಬ್ಬಳು ಸುತ್ತಿಗೆ ಬೀಸುವ ಹಾಗೆ ಕೈ ಬೀಸುತ್ತಿದ್ದಳು. ಅವರ ಸಂತೋಷ ನೋಡಿದರೆ ಯಾರಿಗಾದರೂ ನಗು ಬರಬೇಕು. ನನಗೆ ಬರಲಿಲ್ಲ.

"ಯಾವ ಹಾಡಿದು?" ಅಂದೆ.

"ಗೊತ್ತಿಲ್ವಾ ಮಿಸ್? ಎಲ್ಲಾ ಕಡೆ ಇದೇ ಈಗ. ಗಣಪತಿ ಬಿಡೋವಾಗ್ಲೂ ಇದೇ ಹಾಕಿದ್ರು. ಅರಸೀಕೆರೆಯವರೇ ಮಾಡಿರೋದು ಮಿಸ್!"

"ಇದರಲ್ಲಿ ಕೆಟ್ಟ ಮಾತಿದೆ. ಬೇರೆ ಹಾಡು ನೋಡಿಕೊಳ್ಳಿ" ಅಂದೆ.

"ಕೆಟ್ಟ ಮಾತಾ? ಎಲ್ಲಿ ಮಿಸ್?" ಎಂದಳು ಸುತ್ತಿಗೆ ಬೀಸುತ್ತಿದ್ದವಳು. ಅವರು ಮೂರು ವಾರದಿಂದ ತಮ್ಮ ಮನೆಗಳಲ್ಲಿ ಸೇರಿ ಅಭ್ಯಾಸ ಮಾಡಿದ್ದರು. ನಾನು ಸ್ಪೀಕರಿನ ವೈರು ಕಿತ್ತೆ. ಇಪ್ಪತ್ತು ವರ್ಷ ಕೆಲಸ ಮಾಡಿದ ಹೆಡ್‌ಮಿಸ್ ಕೂಡ ಆ ಮಕ್ಕಳ ಜೊತೆ ಹಾಗೆ ನಡೆದುಕೊಂಡವರಲ್ಲ.

ಆ ಭಾನುವಾರ ಮೊದಲ ಬಸ್ಸಿಗೆ ಅರಸೀಕೆರೆಗೆ ಹೋದೆ. ಮನೆಗೆ ಹೋಗದೆ ನೇರವಾಗಿ ಮಿಲ್ಲಿಗೆ ಹೋದೆ. ಒಳಗಿನ ಗೋಡೆಗೆಲ್ಲ ಸದ್ದು ಹೀರುವ ಸ್ಪಂಜು ಅಂಟಿಸಿದ್ದರು, ನನ್ನ ದನಿಯೇ ನನಗೆ ಸಣ್ಣದಾಗಿ ಕೇಳಿಸಿತು. ಎಣ್ಣೆ ಯಂತ್ರ ಇರಲಿಲ್ಲ. ಎಲ್ಲಿ ಅಂತ ಕೇಳಲಿಲ್ಲ.

"ಮುಟ್ಟಲ್ಲ ಅಂದಿದ್ದೆ ನೀನು" ಅಂದೆ.

ಮಿಲ್ಲಿನವನಿಗೆ ತಕ್ಷಣ ಅರ್ಥವಾಯಿತು. ಅವನು ಸುಳ್ಳು ಹೇಳಲಿಲ್ಲ, ಅದೇ ಇನ್ನೂ ನೋವಾಗಿದ್ದು. "ಕೇಳ್ಬೇಕಿತ್ತು. ಕೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ" ಅಂದ.

"ಯಾಕೆ ಬೇಡ ಅಂತಿದ್ದೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಕಣೇ. ಆದ್ರೆ ಯೋಚನೆ ಮಾಡು. ಆ ಹನ್ನೊಂದು ನಿಮಿಷಾನ ಇದುವರೆಗೂ ಎಷ್ಟು ಜನ ಕೇಳಿದಾರೆ? ಈಗ ಅಂಕಲ್ ದನಿ ಎಷ್ಟು ಜನರ ಬಾಯಲ್ಲಿದೆ ಗೊತ್ತಾ? ಅವರನ್ನ ನಾನು ಎಲ್ಲಾ ಕಡೆ ತಲುಪಿಸಿದೀನಿ. ಬೇಕಾದ್ರೆ ಅವರ ಹೆಸರೂ ಹಾಕ್ತೀನಿ."

"ಎಲ್ಲಿ ಹಾಕ್ತೀಯ? ಗಣಪತಿ ಬಿಡೋ ಟ್ರ್ಯಾಕ್ಟರ್ ಮೇಲಾ?"

ಅವನು ತಲೆ ತಗ್ಗಿಸಿದ. ನಾನು ಹೇಳಿದೆ, ಅವನಿಗೆ ಆಗಲೇ ಗೊತ್ತಿದ್ದುದನ್ನೇ ಮತ್ತೊಮ್ಮೆ ಹೇಳಿದೆ. ನಮ್ಮ ತಾತ ನಿಮ್ಮಂಥವರ ಕುಣಿತಕ್ಕೆ ಬೆರಳು ಒಡೆಯುವ ತನಕ ಬಡಿದರು. ಅಪ್ಪ ಅದನ್ನು ಸುಟ್ಟು ಬಂದರು. ನೀನು ಲೋಟ ತೊಳೆದು ಕೊಟ್ಟು, ಕೇಳೋಕೆ ಅಂಕಲ್ ಅಂದು, ಮತ್ತೆ ಅಪ್ಪನ ಕೈಯಲ್ಲೇ ಬಡಿಸಿದೆ. ಸಾಕು ಅನ್ನೋವರೆಗೆ ಅಲ್ಲ, ಇನ್ನು ಯಾವತ್ತೂ ನಿಲ್ಲದ ಹಾಗೆ.

"ನಾನು ಹಾಗೆ ಯೋಚನೆ ಮಾಡಿರಲಿಲ್ಲ" ಅಂದ.

"ನೀನು ಯೋಚನೆ ಮಾಡಬೇಕಾಗಿಲ್ಲ. ಅದೇ ವ್ಯತ್ಯಾಸ."

ತೆಗೆದುಹಾಕು ಅಂದೆ. ಈಗ ತೆಗೆದರೂ ಪ್ರಯೋಜನವಿಲ್ಲ, ಎಲ್ಲರ ಫೋನಿನಲ್ಲೂ ಇದೆ ಅಂದ. ಅದು ನಿಜವೂ ಆಗಿತ್ತು. ಹೊರಗೆ ಬರುವಾಗ ಅವನು ಬಾಗಿಲವರೆಗೆ ಬಂದು, "ನಾನೊಬ್ಬನೇ ಅಲ್ಲ" ಎಂದ. ಸ್ನೇಹಿತನ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಬುದ್ಧಿ ಅವನಿಗೆ ಮೊದಲು ಇರಲಿಲ್ಲ.

ಬೇಲೂರಿಗೆ ವಾಪಸ್ ಹೋಗುವಾಗ ಹಳೇಬೀಡಿನಲ್ಲಿ ಇಳಿದೆ. ಶಿಲ್ಪಿ ಶೆಡ್ಡಿನ ಮುಂದೆ ಒಂದು ಸಣ್ಣ ಗಣಪನಿಗೆ ಮರಳು ಕಾಗದ ಉಜ್ಜುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಕೈ ಒರೆಸಿಕೊಂಡ, ಏನೂ ಕೇಳುವ ಮೊದಲೇ ಹೇಳಿದ. "ಫೈಲು ನನ್ನ ಹತ್ರ ಇತ್ತು. ನಾನೇ ಕೊಟ್ಟೆ."

ನಾನು ಅದನ್ನು ಊಹಿಸಿರಲಿಲ್ಲ. ಮೂವರಲ್ಲಿ ಅಪ್ಪನನ್ನು ಹೆಚ್ಚು ಹಚ್ಚಿಕೊಂಡವನು ಅವನೇ. ಅಪ್ಪ ಗಾಲಿಯನ್ನು ಕೇಳುವ ಹಾಗೇ ಅವನು ಕಲ್ಲನ್ನು ತಟ್ಟಿ ಕೇಳಿ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದ. ಅಪ್ಪ ಅದನ್ನು ಮೆಚ್ಚಿ, ಇವನು ನಮ್ಮ ಡಿಪಾರ್ಟ್‌ಮೆಂಟಿನವನು ಎಂದು ತಮಾಷೆ ಮಾಡುತ್ತಿದ್ದರು.

"ಯಾಕೋ?" ಅಂತ ಕೇಳಿದೆ.

ಅವನು ಗಣಪನನ್ನು ಮತ್ತೆ ಕೈಗೆತ್ತಿಕೊಂಡ. "ಹತ್ತು ವರ್ಸದಿಂದ ಕೆತ್ತುತಾ ಇದೀನಿ. ಬಂದೋರು ತಿರುಗಿಸಿ ನೋಡಿ ವಾಪಸ್ ಇಟ್ಟು ಹೋಯ್ತಾರೆ. ಅಲ್ಲಿ ನಾನು ಕೈ ಎತ್ತಿದ್ರೆ ಅಷ್ಟೂ ಜನ ಕೈ ಎತ್ತುತಾರೆ ಕಣೇ. ನಿಂಗೆ ಗೊತ್ತಾಗಲ್ಲ ಅದು" ಅಂದ. ಆಮೇಲೆ, "ನಿಮ್ಮಪ್ಪಂಗೆ ಹೇಳ್ಬೇಡ" ಅಂದ.

ನಾನು ಅವನಿಗೆ ಬೈಯಲಿಲ್ಲ. ಅವನ ಅವ್ವ ಒಳಗಿಂದ ಕಾಫಿ ತಂದರು, ಕುಡಿಯದೆ ಎದ್ದು ಬಂದೆ. ಹತ್ತು ವರ್ಷದಲ್ಲಿ ಆ ಮನೆಯಲ್ಲಿ ಏನೂ ತೆಗೆದುಕೊಳ್ಳದೆ ಬಂದದ್ದು ಅದೊಂದೇ ಸಲ.

ಅಪ್ಪನಿಗೆ ನಾನು ಹೇಳದಿದ್ದರೂ ಗೊತ್ತಾಗುತ್ತಿತ್ತು. ಮುಂದಿನ ಸಲ ಮನೆಗೆ ಹೋದಾಗ ಪಕ್ಕದ ಮನೆಯವರು ಫೋನು ಹಿಡಿದು ಬಂದಿದ್ದರು, ನಿಮ್ಮ ದನಿ ಇದ್ದಂಗೈತಲ್ಲ ಅಂತ. ಅಪ್ಪ ನನ್ನ ಮುಖ ನೋಡಿದರು. ನಾನು ಹಾಳೆ ತೆಗೆದುಕೊಂಡು ಎಲ್ಲವನ್ನೂ ಬರೆದೆ. ಒಂದೂವರೆ ಪುಟವಾಯಿತು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಆ ಹಾಡನ್ನು ಹಾಕು ಎಂದು ಸನ್ನೆ ಮಾಡಿದರು. ಮನೆಯಲ್ಲಿದ್ದ ಸ್ಪೀಕರಿಗೆ ಫೋನು ಜೋಡಿಸಿದೆ. ಅಪ್ಪ ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತರು. ಹಾಡು ಪೂರ್ತಿ ಮುಗಿಯಿತು.

"ಇದು ನನ್ನ ಏಟಲ್ಲ" ಅಂದರು. "ಏಟು ಹಾಕಿದ್ಮೇಲೆ ನಾನು ಕಾಯ್ತಿದ್ದೆ. ಇದ್ರಲ್ಲಿ ಕಾಯೋದೇ ಇಲ್ಲ."

ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಆದರೆ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು, ಶಾಲೆಯ ಹುಡುಗಿಯರ ಬಗ್ಗೆ ನಾನು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟರು. "ಈ ಮಕ್ಕಳ ಕುಣಿತ ಯಾಕೆ ನಿಲ್ಲಿಸ್ದೆ?"

ನಾನು ಬರೆದೆ: ನಿಮ್ಮ ದನಿಗೆ ಕುಣಿಯುತ್ತಿದ್ದರು.

"ಅವರೇನು ನನ್ನ ಎಬ್ಬಿಸ್ಕೊಂಡು ಬಂದು ಬಡಿಸಿದ್ರಾ? ಅವರ ಸ್ಕೂಲಲ್ಲಿ ಅವರು ಕುಣೀತಿದ್ರು. ಮೋಸ ಮಾಡ್ದೋರು ಬೇರೆ, ನೀನು ಶಿಕ್ಷೆ ಕೊಟ್ಟಿದ್ದು ಇನ್ಯಾರಿಗೋ. ತಪ್ಪು ಕಣವ್ವ."

ಅಷ್ಟರಲ್ಲಿ ವಾರ್ಷಿಕೋತ್ಸವ ಮುಗಿದಿತ್ತು. ಹುಡುಗಿಯರು ಬೇರೆ ಯಾವುದೋ ಹಾಡಿಗೆ ಮೂರು ದಿನದಲ್ಲಿ ಕಲಿತು, ಹೆಜ್ಜೆ ತಪ್ಪುತ್ತಾ ಕುಣಿದಿದ್ದರು. ಸೋಮವಾರ ತರಗತಿಯಲ್ಲಿ ಅವರಿಗೆ ನಿಜ ಹೇಳಿದೆ, ಕೆಟ್ಟ ಮಾತೇನೂ ಇರಲಿಲ್ಲ, ಅದು ನಮ್ಮಪ್ಪನ ದನಿ, ನನಗೆ ಸಹಿಸಲಾಗಲಿಲ್ಲ ಎಂದು. ತಪ್ಪಾಯಿತು ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುತ್ತಿಗೆ ಬೀಸುತ್ತಿದ್ದವಳು, "ಮೊದಲೇ ಹೇಳ್ಬೇಕಿತ್ತು ಮಿಸ್" ಎಂದಷ್ಟೇ ಹೇಳಿ ಪುಸ್ತಕ ತೆರೆದಳು. ಆ ವರ್ಷ ಪೂರ್ತಿ ಅವಳು ನನ್ನ ಜೊತೆ ಮೊದಲಿನ ಹಾಗೆ ಮಾತಾಡಲಿಲ್ಲ.

ಶಿಲ್ಪಿಯ ನಂಬರನ್ನು ತೆಗೆದುಹಾಕಿದೆ. ಮಿಲ್ಲಿನವನದು ತೆಗೆಯಲಿಲ್ಲ, ಯಾಕೋ ಗೊತ್ತಿಲ್ಲ. ಅವರ ತಂಡ ಈಗ ದೊಡ್ಡದಾಗಿದೆ. ಬೇಸಿಗೆ ರಜೆಗಳಲ್ಲಿ ಬೇಲೂರಿನ ಬೀದಿಯಲ್ಲಿ ಅವರ ಪೋಸ್ಟರು ಕಾಣುತ್ತದೆ. ನಾನು ಬರೆದ ಅಕ್ಷರ ಹೋಗಿದೆ, ಹೊಳೆಯುವ ಹೊಸ ಅಕ್ಷರ ಬಂದಿದೆ. ಅದು ಹೋದದ್ದೇ ಒಳ್ಳೆಯದಾಯಿತು.

ಈ ವರ್ಷ, ರಜೆಯಲ್ಲಿ ನಾನು ಮನೆಯಲ್ಲಿದ್ದಾಗ, ಒಂದು ಬೆಳಿಗ್ಗೆ ಮಿಲ್ಲಿನವನು ಮನೆಗೆ ಬಂದ. ಮದುವೆಯ ಕಾಗದ ಕೊಡಲು. ಕಿಟಕಿಯಿಂದ ಅವನನ್ನು ನೋಡಿ ನಾನು ಅಡುಗೆಮನೆಗೆ ಹೋದೆ, ಹೊರಗೆ ಬರಲಿಲ್ಲ. ಅವ್ವ ಸಂತೆಗೆ ಹೋಗಿದ್ದರು. ಅಪ್ಪ ಅವನನ್ನು ಕೂರಿಸಿದರು. ಅವನು ಕಾಗದ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿದ್ದು ಬಾಗಿಲ ಸಂದಿಯಿಂದ ಕಂಡಿತು. ಆಮೇಲೆ ಅವನು ಮಾತಾಡಲು ಶುರು ಮಾಡಿದ. ಅಪ್ಪನಿಗೆ ಈಗ ಏನೂ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಮಾತಾಡಿದನೋ.

"ತಪ್ಪಾಯ್ತು ಅಂಕಲ್. ನಿಮ್ಮನ್ನ ಕೇಳ್ಬೇಕಿತ್ತು. ಅವಳು ಹೇಳಿದ್ದೆಲ್ಲಾ ಸರಿ. ಅದಾದ ಮೇಲೆ ಆ ಹಾಡನ್ನ ನಾನು ಎಲ್ಲೂ ನುಡಿಸಿಲ್ಲ. ಜನ ಕೇಳ್ತಾರೆ, ನುಡಿಸಲ್ಲ. ಆದ್ರೆ ಬೇರೆಯವರು ಹಾಕೋದನ್ನ ನಿಲ್ಲಿಸೋಕೆ ನನ್ನಿಂದ ಆಗಲ್ಲ." ಹೀಗೆ ಬಹಳ ಹೊತ್ತು ಹೇಳಿದ.

ಅಪ್ಪ ಅವನ ಬಾಯಿಯನ್ನೇ ನೋಡುತ್ತಾ ತಲೆಯಾಡಿಸುತ್ತಿದ್ದರು. ಮದುವೆಯ ಸುದ್ದಿ ಹೇಳುತ್ತಿದ್ದಾನೆ ಅಂದುಕೊಂಡಿರಬೇಕು. "ಒಳ್ಳೇದಾಗ್ಲಿ ಕಣಪ್ಪ, ಒಳ್ಳೇದಾಗ್ಲಿ" ಅಂದರು. ಅವನು ಅದನ್ನು ಕ್ಷಮೆ ಅಂದುಕೊಂಡನೇನೋ, ಕಣ್ಣು ಒರೆಸಿಕೊಂಡು ಎದ್ದ. ಹೋಗುವಾಗ ಅಡುಗೆಮನೆಯ ಕಡೆ ಒಂದು ಸಲ ನೋಡಿದ.

ಅವನ ಬೈಕಿನ ಸದ್ದು ದೂರವಾದ ಮೇಲೆ ನಾನು ಹೊರಗೆ ಬಂದೆ. ಅಪ್ಪ ಮದುವೆಯ ಕಾಗದವನ್ನು ತಿರುಗಿಸಿ ನೋಡುತ್ತಿದ್ದರು.

"ಅಷ್ಟು ಹೊತ್ತು ಏನಂದ ಅವನು?"

ಮೇಜಿನ ಮೇಲೆ ಹಾಳೆಯೂ ಪೆನ್ನೂ ಇದ್ದವು. ಅವನು ಹೇಳಿದ ಒಂದೊಂದು ಮಾತೂ ನನಗೆ ನೆನಪಿತ್ತು, ಬರೆದು ತೋರಿಸಬಹುದಿತ್ತು. ನಾನು ಕೈಯಾಡಿಸಿ, ಏನೂ ಇಲ್ಲ ಎಂದು ಸನ್ನೆ ಮಾಡಿದೆ. ಅಪ್ಪ ಕಾಗದವನ್ನು ಬೀರುವಿನ ಮೇಲಿಟ್ಟರು. ಆ ಮದುವೆಗೆ ನಾವು ಯಾರೂ ಹೋಗಲಿಲ್ಲ.